ಹಸಿರು ಅಂಚಿನ ಸಾವಿನ ಕಾಗದ

ನನ್ನನ್ನು ದೆವ್ವ ಮಾಡಬೇಕೆಂದು ರಾಜಧಾನಿ ಸೋಫಿಯಾದಿಂದ ಹುಡುಗರು ಬಂದಾಗ ನಾನು ಅಂಗಳದಲ್ಲಿ ಕೂತು ಚಳಿಗಾಲಕ್ಕೆಂದು ದಪ್ಪ ಮೆಣಸಿನಕಾಯಿ ಸುಡುತ್ತಿದ್ದೆ. ಸಿನಿಮಾ ಕಾಲೇಜಿನವರಂತೆ. ಪರೀಕ್ಷೆಗೆ ಒಂದು ಸಣ್ಣ ದೆವ್ವದ ಚಿತ್ರ ತೆಗೆಯಬೇಕಂತೆ.

"ಅಜ್ಜೀ, ನಮಗೆ ನಿಮ್ಮ ಮುಖ ಬೇಕಿತ್ತು" ಎಂದಳು ಮುಂದೆ ನಿಂತಿದ್ದ ಹುಡುಗಿ. ಹೆಸರು ಬಿಲ್ಯಾನಾ. ಅವಳೇ ನಿರ್ದೇಶಕಿ. ಕೈಕಾಲು ಕಡ್ಡಿ, ಕಣ್ಣು ಮಾತ್ರ ಇಷ್ಟಗಲ.

"ಮುಖ ಒಂದೇ ಸಾಕಾ? ಮಿಕ್ಕಿದ್ದು?"

"ಮಿಕ್ಕಿದ್ದೂ ಬೇಕು. ಮನೆ ಕೂಡ ಬೇಕು."

"ಒಳಗೆ ಬನ್ನಿ. ಮೊದಲು ಊಟ ಮಾಡಿ, ಆಮೇಲೆ ಹೆದರಿಕೊಳ್ಳಿ" ಎಂದೆ. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನನ್ನ ಅಂಗಳದಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ. ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿಕೊಂಡೆ.

ನಮ್ಮೂರಿನಲ್ಲಿ ಈಗ ಹೊಗೆ ಏಳುವ ಮನೆ ಐದು. ಎಂಬತ್ತೊಂಬತ್ತರ ಬೇಸಿಗೆಯಲ್ಲಿ ನಮ್ಮ ತುರ್ಕರೆಲ್ಲ ಗಂಟುಮೂಟೆ ಕಟ್ಟಿಕೊಂಡು ತುರ್ಕಿಗೆ ಹೋದರು. ಅಣ್ಣ ಹೋದ, ಅತ್ತಿಗೆ ಹೋದಳು, ನನ್ನನ್ನು ಮದುವೆಯಾಗುತ್ತೇನೆಂದಿದ್ದವನೂ ಹೋದ. ಅಮ್ಮ ಹಾಸಿಗೆ ಹಿಡಿದಿದ್ದಳು, ನಾನು ಉಳಿದೆ. ಅಮ್ಮನೂ ಹೋದ ಮೇಲೆ ನಾನೊಬ್ಬಳೇ ಉಳಿದೆ. ಬೆಳಿಗ್ಗೆ ಎದ್ದರೆ ಎದುರುಮನೆ ಸ್ಟಾನ್ಕಾಳ ಚಿಮಣಿ ನೋಡುತ್ತೇನೆ, ಅವಳು ನನ್ನದನ್ನು ನೋಡುತ್ತಾಳೆ. ಹೊಗೆ ಕಂಡರೆ ಇನ್ನೂ ಇದ್ದಾಳೆ ಎಂದು ಲೆಕ್ಕ. ನಮ್ಮಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ವ್ಯವಹಾರವಿಲ್ಲ.

ಹಿಂದೆ ಹೀಗಿರಲಿಲ್ಲ. ಅವಳು ಕ್ರೈಸ್ತಳು, ನಾನು ಮುಸಲ್ಮಾನಳು, ಆದರೆ ಶಾಲೆಯಲ್ಲಿ ಒಂದೇ ಬೆಂಚು, ತಂಬಾಕಿನ ಹೊಲದಲ್ಲಿ ಒಂದೇ ಸಾಲು. ಎಂಬತ್ತೈದರ ಚಳಿಗಾಲದಲ್ಲಿ ಸರ್ಕಾರ ನಮ್ಮಂಥ ತುರ್ಕರ ಹೆಸರುಗಳನ್ನೆಲ್ಲ ಕಿತ್ತುಕೊಂಡು ಬಲ್ಗೇರಿಯನ್ ಹೆಸರು ಇಟ್ಟಿತು. ಹೊರಗೆ ಮೊಣಕಾಲುದ್ದ ಹಿಮ, ಹಿಮದಲ್ಲಿ ಬಂದೂಕಿನವರು. ಊರ ಕಚೇರಿಯ ಮೇಜಿನ ಆಚೆ ಗುಮಾಸ್ತೆಯಾಗಿ ಕೂತಿದ್ದವಳು ಸ್ಟಾನ್ಕಾ. ನನ್ನ ಸರದಿ ಬಂದಾಗ ಮುಂದೆ ಬಗ್ಗಿ ಪಿಸುಗುಟ್ಟಿದಳು: "ನಿಂಗೇ ಅಂತ ಒಳ್ಳೇದು ಎತ್ತಿಟ್ಟಿದ್ದೀನಿ ಕಣೇ. ನಾದ್ಯಾ. ಎಷ್ಟು ಚೆನ್ನಾಗಿದೆ ನೋಡು." ಅವಳ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ಬಂದೂಕಿನವರನ್ನು ಮರೆತಿದ್ದೇನೆ, ಆ ಸಂತೋಷವನ್ನು ಮರೆತಿಲ್ಲ.

ಐದು ವರ್ಷಕ್ಕೆ ಆ ಸರ್ಕಾರ ಬಿತ್ತು. ಕೋರ್ಟಿಗೆ ಅಲೆದು ನನ್ನ ಹೆಸರನ್ನು ವಾಪಸು ತಂದೆ: ನಜ್ಮಿಯೆ. ಎಲ್ಲರ ಬಾಯಿಗೂ ಅದು ಮರಳಿತು, ಸ್ಟಾನ್ಕಾಳ ಬಾಯಿಗೆ ಮಾತ್ರ ಬರಲಿಲ್ಲ. "ನಾದ್ಯಾ, ನಿನ್ನ ಕೋಳಿ ಈಚೆ ಬಂದಿದೆ ನೋಡು" ಎನ್ನುತ್ತಾಳೆ. ನಾನು ಹೋಗಿ ಕೋಳಿ ಹಿಡಿದುಕೊಂಡು ಬರುತ್ತೇನೆ, ಬಾಯಿ ಬಿಡುವುದಿಲ್ಲ. ನನ್ನ ಹೆಸರು ಹಿಡಿದು ಕರೆಯುವ ತನಕ ಅವಳಿಗೆ ಉತ್ತರ ಕೊಡುವುದಿಲ್ಲ ಎಂದು ಹಟ ತೊಟ್ಟೆ. ಅವಳೂ ನನ್ನಷ್ಟೇ ಮೊಂಡಿ. ಹೀಗೆ ಇಬ್ಬರೂ ಮುದುಕಿಯರಾದೆವು.

ಹುಡುಗರು ಬಂದಾಗ ಸ್ಟಾನ್ಕಾ ಊರಲ್ಲಿರಲಿಲ್ಲ. ಎದೆನೋವೆಂದು ಮಗ ಬಂದು ತಾನಿರುವ ಪಟ್ಟಣ ಪ್ಲೊವ್ದಿವ್‌ಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ಹೃದಯದ ಆಪರೇಷನ್ ಆಯಿತೆಂದು ಬ್ರೆಡ್ ತರುವ ವ್ಯಾನಿನವನು ಹೇಳಿದ. ಎದುರಿನ ಚಿಮಣಿಯಲ್ಲಿ ಹೊಗೆಯಿಲ್ಲದ ಬೆಳಗುಗಳು ನನಗೆ ಹಿಡಿಸುತ್ತಿರಲಿಲ್ಲ. ಅವಳ ಮೇಲಿನ ಸಿಟ್ಟೂ ಒಂದು ಜೊತೆ ಎಂದು ಆಗ ತಿಳಿಯಿತು.

ಆದ್ದರಿಂದ ಹುಡುಗರು ಬಂದದ್ದು ನನಗೆ ಹಬ್ಬವೇ ಆಯಿತು. ಮೇಲಿನ ಕೋಣೆಗಳನ್ನು ತೆರೆದೆ, ಕಂಬಳಿಗಳನ್ನು ಕೊಡವಿದೆ. ಬೆಳಿಗ್ಗೆ ಆಲೂಗಡ್ಡೆ ತುರಿದು ದಪ್ಪ ರೊಟ್ಟಿ ಬೇಯಿಸಿದರೆ ಮಧ್ಯಾಹ್ನದೊಳಗೆ ತಟ್ಟೆ ಖಾಲಿ. ಕ್ಯಾಮೆರಾ ಹುಡುಗ ಓಗ್ನ್ಯಾನ್ ಬೆರಳು ನೆಕ್ಕುತ್ತ, "ಅಜ್ಜಿ, ನೀವು ದೆವ್ವ ಅಲ್ಲ, ದೇವರು" ಎಂದ.

"ಹೊಟ್ಟೆ ತುಂಬಿದಾಗ ಎಲ್ಲರೂ ಹಾಗೇ ಅಂತಾರೆ. ತಟ್ಟೆ ತೊಳೆದಿಡು" ಎಂದೆ.

ಚಿತ್ರದ ಕತೆ ಇಷ್ಟು. ಪಟ್ಟಣದ ಹುಡುಗಿಯೊಬ್ಬಳು ದಾರಿ ತಪ್ಪಿ ಖಾಲಿ ಊರಿಗೆ ಬರುತ್ತಾಳೆ. ಒಂದು ಮನೆಯ ಮುದುಕಿ ಅವಳಿಗೆ ನೀರು ಕೊಡುತ್ತಾಳೆ. ನೀರು ಕುಡಿದು ಹೊರಗೆ ಬಂದ ಹುಡುಗಿ ಗೇಟಿಗೆ ಅಂಟಿಸಿದ ಸಾವಿನ ಕಾಗದ ನೋಡುತ್ತಾಳೆ. ನಮ್ಮಲ್ಲಿ ಯಾರು ಸತ್ತರೂ ಫೋಟೋ ಹಾಕಿಸಿ, ಹೆಸರು ಅಚ್ಚು ಹಾಕಿಸಿ, ಗೇಟಿಗೂ ಕಂಬಕ್ಕೂ ಬಸ್‌ಸ್ಟಾಪಿಗೂ ಅಂಟಿಸುವುದುಂಟಲ್ಲ, ಅದೇ. ಫೋಟೋದಲ್ಲಿರುವುದು ನೀರು ಕೊಟ್ಟ ಮುದುಕಿ. ಹುಡುಗಿ ತಿರುಗಿ ನೋಡುತ್ತಾಳೆ. ಕಿಟಕಿಯಲ್ಲಿ ಮುದುಕಿ ನಿಂತಿರುತ್ತಾಳೆ.

"ನಾನು ಏನು ಪಾಪ ಮಾಡಿದ್ದಕ್ಕೆ ದೆವ್ವ ಆಗಿದ್ದೀನಿ?" ಎಂದು ಕೇಳಿದೆ.

"ಪಾಪ ಏನಿಲ್ಲ ಅಜ್ಜಿ. ಸತ್ತಿದ್ದೀರಿ, ಆದ್ರೂ ಇದ್ದೀರಿ. ಅಷ್ಟೆ" ಎಂದಳು ಬಿಲ್ಯಾನಾ.

"ಅಷ್ಟಕ್ಕೆ ಹೆದರೋದಾದ್ರೆ ನಮ್ಮೂರಿಗೇ ಯಾರೂ ಬರೋ ಹಾಗಿಲ್ಲ."

ಮೊದಲ ದಿನವೇ ನನ್ನ ಹೂವಿನ ತಲೆವಸ್ತ್ರ ಬಿಚ್ಚಿಸಿ ಕರಿಯದನ್ನು ಕಟ್ಟಿಸಿದರು. ನೀಲಿ ಸ್ವೆಟರ್ ಬೇಡವೆಂದರು. ಸಲ್ವಾರ್ ಇರಲಿ, ಆದರೆ ಹಳೆಯದು ಇದೆಯಾ ಎಂದರು. ಫ್ರಿಜ್ಜು, ಟೀವಿ, ಫೋನು ಎಲ್ಲ ಹಿತ್ತಲ ಕೋಣೆ ಸೇರಿದವು. ಆಮೇಲೆ ಒಬ್ಬ ಹುಡುಗ ಡಬ್ಬಿಯಿಂದ ಬುಸ್ಸೆಂದು ಏನೋ ಹೊಡೆದು ನನ್ನ ಮನೆಯ ಮೂಲೆಮೂಲೆಗೂ ಜೇಡರಬಲೆ ಕಟ್ಟಿದ. ನಾನು ದಿನಾ ಸುಣ್ಣದ ಗೋಡೆ ಒರೆಸುವವಳು. ಅದನ್ನು ನೋಡಿ ಮೈ ಉರಿಯಿತು.

"ಮಗಾ, ಜನ ಏನಂದ್ಕೋತಾರೆ? ಇವಳು ಕಸಬರಿಕೆ ಮುಟ್ಟಲ್ಲ ಅನ್ನಲ್ವಾ?"

"ಅಜ್ಜಿ, ಹಿಂಗಿದ್ರೇನೇ ಭಯ ಬರೋದು."

"ಕ್ಲೀನಾಗಿರೋ ಮುದುಕಿಗೆ ಯಾರೂ ಹೆದರಲ್ವಾ? ನನ್ನ ಅಜ್ಜಿ ಎಷ್ಟು ಕ್ಲೀನು ಗೊತ್ತಾ? ಅವಳನ್ನ ಕಂಡ್ರೆ ಊರೇ ನಡುಗ್ತಿತ್ತು."

ಅವರು ನಕ್ಕರು, ಬಲೆ ಮಾತ್ರ ತೆಗೆಯಲಿಲ್ಲ. ಚಿತ್ರದಲ್ಲಿ ನನಗೆ ಮಾತೂ ಇರಲಿಲ್ಲ. ಹುಡುಗಿಗೆ ನೀರು ಕೊಡುವಾಗ "ತಗೋ ಮಗಳೇ" ಎಂದು ನಾನಾಗಿಯೇ ಅಂದೆ. ನೀರು ಕೊಡುವಾಗ ಯಾರಾದರೂ ಅಷ್ಟಾದರೂ ಅನ್ನುತ್ತಾರೆ. ಬಿಲ್ಯಾನಾ ಓಡಿ ಬಂದು, "ಮಾತಾಡ್ಬೇಡಿ ಅಜ್ಜಿ, ಬರೀ ನೋಡಿ. ಮಾತಾಡಿದ್ರೆ ಮನುಷ್ಯರ ತರಾ ಆಗ್ಬಿಡ್ತೀರಿ" ಎಂದಳು. ಹೇಳಿದ ಮೇಲೆ ಅವಳಿಗೇ ಏನೋ ಆಯಿತು. ಕೆನ್ನೆ ಕೆಂಪಾಯಿತು. ಆದರೂ ಮತ್ತೆ ತೆಗೆದದ್ದು ಮಾತಿಲ್ಲದ ದೃಶ್ಯವನ್ನೇ.

ನಾನು ಎಲ್ಲಕ್ಕೂ ಹೂಂ ಅಂದೆ. ಸಂಜೆ ಲಾಂದ್ರದ ಸುತ್ತ ಕೂತು ಅವರು ಹರಟುವಾಗ ನಡುವೆ ನನ್ನ ಕುರ್ಚಿಯೂ ಇರುತ್ತಿತ್ತು, ಅದೇ ನನಗೆ ಕೂಲಿ. ಅದಕ್ಕಾಗಿ ಮುಖಕ್ಕೆ ಬೂದಿ ಬಳಿದರೂ ಬಳಿಸಿಕೊಂಡೇನು.

ಮೂರನೆಯ ದಿನ ಓಗ್ನ್ಯಾನ್ ಗೇಟಿಗೆ ಸಾವಿನ ಕಾಗದ ಅಂಟಿಸಿದ. ನಾನು ಕನ್ನಡಕ ಹಾಕಿಕೊಂಡು ಹೋಗಿ ನೋಡಿದೆ. ನನ್ನದೇ ಫೋಟೋ. ಸುತ್ತ ಕಪ್ಪು ಅಂಚು, ಮೇಲೆ ಶಿಲುಬೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಕ್ರೈಸ್ತ ಹೆಸರು: ನೆವೆನಾ ಪೆಟ್ಕೋವಾ.

ಕಾಲಿನ ಕೆಳಗೆ ಎಂಬತ್ತೈದರ ಹಿಮ ಮತ್ತೆ ಹೆಪ್ಪುಗಟ್ಟಿದ ಹಾಗಾಯಿತು. ಕಾಗದವನ್ನು ಒಂದೇ ಏಟಿಗೆ ಕಿತ್ತು ತಂದು ಅಡುಗೆಮನೆಯ ಮೇಜಿನ ಮೇಲೆ ಇಟ್ಟೆ. ಹುಡುಗರು ಚಹಾ ಕುಡಿಯುತ್ತಿದ್ದರು.

"ಇವಳ್ಯಾರು?"

"ಅಜ್ಜಿ, ಅದು ಪಾತ್ರದ ಹೆಸರು..." ಎಂದಳು ಬಿಲ್ಯಾನಾ.

"ನಮ್ಮವರು ಸತ್ರೆ ಹಸಿರು ಅಂಚು, ಚಂದ್ರ, ನಕ್ಷತ್ರ. ಇಷ್ಟು ದಿನ ನನ್ನ ಮನೇಲಿ ಉಂಡಿದ್ದೀರಲ್ಲ, ನಾನು ಯಾರು ಅಂತ ಗೊತ್ತಾಗ್ಲಿಲ್ವಾ?"

"ಗೊತ್ತು ಅಜ್ಜಿ. ಗೊತ್ತಿದ್ದೇ ಹಂಗ್ ಮಾಡಿದ್ದು." ಅವಳು ಲೋಟ ಕೆಳಗಿಟ್ಟಳು. "ಚಿತ್ರ ಆದ್ಮೇಲೆ ನಾವು ಬರೆದು ಕೊಡ್ಬೇಕು. ನಿಮ್ಮ ಚಿತ್ರದಲ್ಲಿ ಯಾವ ಯಾವ ಜನ ಬರ್ತಾರೆ, ಅವರನ್ನ ಹೆಂಗೆ ತೋರಿಸಿದ್ದೀರಿ ಅಂತ ಮೇಷ್ಟ್ರು ಕೇಳ್ತಾರೆ. ನಿಮ್ಮ ನಿಜವಾದ ಹೆಸರು ಹಾಕಿದ್ರೆ, ಹಸಿರು ಅಂಚು ಹಾಕಿದ್ರೆ, ತುರ್ಕಿ ಹೆಂಗಸನ್ನ ದೆವ್ವ ಮಾಡಿದ್ದಾರೆ ಅಂತ ಆಗತ್ತೆ. ನಿಮ್ಮ ಜನಕ್ಕೆ ಅವಮಾನ ಆಗ್ಬಾರ್ದು ಅಂತಲೇ..."

"ಅಂದ್ರೆ ನನ್ನ ಮರ್ಯಾದೆ ಉಳಿಸೋಕೆ ನನ್ನ ಹೆಸರು ತೆಗೆದ್ರಿ."

"ಹೂಂ" ಎಂದಳು, ಸಣ್ಣ ದನಿಯಲ್ಲಿ.

ಒಳ್ಳೆಯ ಹುಡುಗಿ. ಕೇಡು ಬಗೆದು ಮಾಡಿದ್ದಲ್ಲ. ನನಗೆ ಹೆಸರಿಟ್ಟವರು ಯಾರೂ ಕೇಡು ಬಗೆದು ಮಾಡಿದ್ದೇವೆ ಎಂದು ಹೇಳಿದ್ದೇ ಇಲ್ಲ, ಎಲ್ಲ ನನ್ನ ಒಳ್ಳೆಯದಕ್ಕೇ. ಸಿಟ್ಟು ನೆತ್ತಿಗೇರಿತು.

"ಮುಖ ನನ್ನದು. ಸಲ್ವಾರ್ ನನ್ನದು. ಮನೆ ನನ್ನದು. ಕರಿ ಬಟ್ಟೆ ಕಟ್ಟಿದ್ರಿ, ಬಲೆ ಕಟ್ಟಿದ್ರಿ, ಬಾಯಿ ಮುಚ್ಚಿಸಿದ್ರಿ, ಆಗ ಯಾವ ಜನಕ್ಕೂ ಅವಮಾನ ಆಗ್ಲಿಲ್ಲ. ಹೆಸರು ಹಾಕಿದ ತಕ್ಷಣ ಆಗ್ಬಿಡತ್ತಾ? ಕೇಳು ಹುಡುಗಿ. ದೆವ್ವ ಆಗು ಅಂದ್ರೆ ಆಗ್ತೀನಿ. ಆದ್ರೆ ನಾನೇ ಆಗ್ತೀನಿ. ಇನ್ಯಾರೋ ಆಗಿ ಐದು ವರ್ಷ ಬದುಕಿದ್ದೀನಿ, ಇನ್ಯಾರೋ ಆಗಿ ಸಾಯಲ್ಲ. ಸುಳ್ಳು ಸಾವಾದ್ರೂ ಸಾಯಲ್ಲ."

ಯಾರೂ ಚಹಾ ಮುಟ್ಟಲಿಲ್ಲ. ಎಂಬತ್ತೈದರ ಸಂಗತಿ ಅವರಿಗೆ ಪುಸ್ತಕದ ಒಂದು ಪುಟ, ಅಷ್ಟೇ. ನಾನು ಹೇಳಿದೆ. ಕಚೇರಿಯ ಮೇಜು, ಪಿಸುಮಾತು, ನಾದ್ಯಾ ಎಂಬ ಉಡುಗೊರೆ, ಎಲ್ಲ ಹೇಳಿದೆ. ಬಿಲ್ಯಾನಾ ಮೂಗು ಒರೆಸಿಕೊಂಡು ತನ್ನ ಕಂಪ್ಯೂಟರ್ ತೆರೆದಳು. ಅಂಚಿಗೆ ಹಸಿರು ಬಳಿದಳು. ಶಿಲುಬೆ ಹೋಗಿ ಚಂದ್ರ ಬಂತು. "ನಜ್ಮಿಯೆ ಹಾಲಿಲ್ ಓಸ್ಮಾನ್" ಎಂದು ನಾನು ಒಂದೊಂದೇ ಅಕ್ಷರ ಹೇಳಿದೆ, ಅವಳು ಟೈಪ್ ಮಾಡಿದಳು. ಪರದೆಯ ಮೇಲೆ ನನ್ನ ಹೆಸರು ಅಷ್ಟು ದೊಡ್ಡದಾಗಿ ಮೂಡಿದ್ದು ನೋಡಿ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

"ಇನ್ನು ಕೆಳಗಿನ ಸಾಲು ಅಜ್ಜಿ" ಎಂದಳು ಅವಳು.

"ಯಾವ ಸಾಲು?"

"ದುಃಖತಪ್ತರು ಅಂತ ಇರತ್ತಲ್ಲ. ಯಾರ ಹೆಸರು ಹಾಕ್ಲಿ?"

ನಾನು ಬಾಯಿ ತೆರೆದೆ. ಅಣ್ಣ ತುರ್ಕಿಯ ಬುರ್ಸಾದಲ್ಲಿ ತೀರಿಕೊಂಡು ಬಹಳ ಕಾಲವಾಗಿತ್ತು. ಅವನ ಮಕ್ಕಳಿಗೆ ನನ್ನ ದನಿ ಹೇಗಿದೆಯೆಂದೂ ಗೊತ್ತಿಲ್ಲ. ಒಬ್ಬೊಬ್ಬರ ಮುಖವನ್ನೂ ನೆನೆದು ನೋಡಿದೆ. ಸತ್ತವರು, ಹೋದವರು, ಮರೆತವರು. ಕಾಗದವೆಲ್ಲ ತುಂಬಿತ್ತು, ಆ ಒಂದು ಸಾಲು ನನ್ನ ಮುಂದೆ ಬಾಯಿ ತೆರೆದುಕೊಂಡು ಕೂತಿತ್ತು. ಹುಡುಗರು ನನ್ನ ಕಡೆ ನೋಡುವುದನ್ನು ಬಿಟ್ಟು ಮೇಜು ನೋಡತೊಡಗಿದರು. ಅದು ಇನ್ನೂ ಕಷ್ಟವಾಯಿತು.

"ನಮ್ಮ ಹೆಸರು ಹಾಕೋಣ್ವಾ?" ಎಂದ ಓಗ್ನ್ಯಾನ್ ಮೆಲ್ಲಗೆ.

"ನೀವು ನಾಳಿದ್ದು ಹೋಗೋರು" ಎಂದೆ. ಅವನ ಮುಖ ಪೆಚ್ಚಾಯಿತು. ಹಾಗೆ ಹೇಳಬಾರದಿತ್ತು, ಆದರೆ ಅದು ನಿಜ. ನನ್ನ ಒಲೆ ಉರಿಯದಿದ್ದರೆ ಈ ಭೂಮಿಯ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದು ಯೋಚಿಸಿದೆ. ಒಬ್ಬಳಿಗೆ ಗೊತ್ತಾಗುತ್ತದೆ.

"ಸ್ಟಾನ್ಕಾ ಅಂತ ಹಾಕು."

"ನಾದ್ಯಾ ಅಂತ ಹೆಸರಿಟ್ಟೋರಾ?" ಬಿಲ್ಯಾನಾ ಕಣ್ಣರಳಿಸಿದಳು.

"ಅವಳೇ. ನನ್ನ ಹೆಸರು ಮೇಲೆ, ಅವಳ ಹೆಸರು ಕೆಳಗೆ. ಒಂದೇ ಹಾಳೆಯಲ್ಲಿ ಇರಲಿ. ಬಂದು ಓದಲಿ."

ಕೊನೆಯ ದಿನ ಆ ಕಾಗದ ಗೇಟಿನ ಮೇಲೂ ಕಂಬದ ಮೇಲೂ ಬಂತು. ನಟಿಸುವ ಹುಡುಗಿ ಅದನ್ನು ಓದಿ ತಿರುಗಿದಳು, ನಾನು ಕಿಟಕಿಯಲ್ಲಿ ನಿಂತೆ. ಬರೀ ನೋಡಿ ಎಂದಿದ್ದರು, ನೋಡಿದೆ. ಅಷ್ಟರಲ್ಲಿ ಅವರ ವ್ಯಾನು ಹೊರಟು ನಿಂತಿತ್ತು. ಕಂಬದಲ್ಲಿದ್ದ ಪ್ರತಿಯನ್ನು ಓಗ್ನ್ಯಾನ್ ಕಿತ್ತ. ಗೇಟಿನದಕ್ಕೆ ಕೈ ಹಾಕಿದಾಗ, "ಅದು ಇರಲಿ, ಆಮೇಲೆ ನಾನೇ ತೆಗೀತೀನಿ" ಎಂದೆ. ಬಿಲ್ಯಾನಾ ಅಪ್ಪಿಕೊಂಡಳು, ಫೋನ್ ಮಾಡುತ್ತೇನೆ ಎಂದಳು. ವ್ಯಾನು ತಿರುವಿನಲ್ಲಿ ಮರೆಯಾಗುವ ತನಕ ನಿಂತಿದ್ದು ಒಳಗೆ ಬಂದೆ. ಮೇಜಿನ ಮೇಲೆ ತೊಳೆದ ಲೋಟಗಳು ಸಾಲಾಗಿ ಬೋರಲು ಬಿದ್ದಿದ್ದವು. ಆ ದಿನ ನಾನು ಊಟ ಮಾಡಲಿಲ್ಲ.

ಕಾಗದವನ್ನು ತೆಗೆಯಲಿಲ್ಲ. ಮಳೆಗೆ ನೆನೆಯಬಾರದೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊಡೆದೆ. ಊರಿನ ಉಳಿದ ಮನೆಯವರಿಗೆ ಸಿನಿಮಾ ವಿಷಯ ಗೊತ್ತಿತ್ತು. "ಏನಮ್ಮಾ, ಸತ್ತೋಳು ಬ್ರೆಡ್ ತಗೊಳ್ತೀಯಾ?" ಎಂದು ವ್ಯಾನಿನವನು ಹಾಸ್ಯ ಮಾಡುತ್ತಿದ್ದ. ಗೊತ್ತಿಲ್ಲದವಳು ಒಬ್ಬಳೇ. ಅವಳು ಚಳಿಗಾಲವೆಲ್ಲ ಮಗನ ಮನೆಯಲ್ಲೇ ಉಳಿದಳು. ಹಿಮ ಬಿತ್ತು, ಕರಗಿತು. ಬೆಳಿಗ್ಗೆ ಎದ್ದು ಹೊಗೆಯಿಲ್ಲದ ಚಿಮಣಿ ನೋಡುವುದು, ಗೇಟಿಗೆ ಹೋಗಿ ನನ್ನ ಹೆಸರು ಓದುವುದು, ಒಳಗೆ ಬರುವುದು, ಇದೇ ನನ್ನ ದಿನಚರಿಯಾಯಿತು.

ಚಳಿ ಇಳಿಯುವ ಹೊತ್ತಿಗೆ ಬಿಲ್ಯಾನಾಳ ಫೋನ್ ಬಂತು.

"ಅಜ್ಜಿ, ನೀವು ಕಿಟಕೀಲಿ ಬಂದಾಗ ಎಲ್ಲ ಕಿರುಚಿಬಿಟ್ರು!"

"ಹೆಸರು ಓದಿದ್ರಾ?"

"ಓದಿದ್ರು. ಅದಕ್ಕೇ ಜಗಳ ಆಯ್ತು. ಅಲ್ಪಸಂಖ್ಯಾತರನ್ನ ಕೆಟ್ಟದಾಗಿ ತೋರಿಸಿದ್ದೀರಿ ಅಂತ ಅರ್ಧ ಜನ, ಇಲ್ಲ ಸರಿಯಾಗೇ ತೋರಿಸಿದ್ದಾರೆ ಅಂತ ಅರ್ಧ ಜನ. ಮೇಷ್ಟ್ರು ಒಂದೇ ಕೇಳಿದ್ರು. ಈ ಹೆಂಗಸು ಯಾಕೆ ಒಂದು ಮಾತೂ ಆಡಲ್ಲ ಅಂತ."

"ನೀನು ಏನಂದೆ?"

"ನೀವು ತುಂಬಾ ಮಾತಾಡ್ತೀರಿ ಅಂದೆ. ಅಡುಗೆ ಮಾಡ್ತಾ ಇಡೀ ದಿನ ತಮಾಷೆಯಾಗಿ ಮಾತಾಡ್ತೀರಿ, ಅದನ್ನೆಲ್ಲ ನಾನು ತೆಗೀಲೇ ಇಲ್ಲ ಅಂದೆ. ನಂಬರ್ ಕಮ್ಮಿ ಕೊಟ್ರು."

ಪಾಪ ಅನ್ನಿಸಿತು. ಬಾ, ರೊಟ್ಟಿ ಮಾಡಿಕೊಡುತ್ತೇನೆ ಎಂದೆ. ಬರುತ್ತೇನೆ ಎಂದಳು. ಬರುವವರ ದನಿ ಹಾಗಿರುವುದಿಲ್ಲ.

ಅದಾದ ಮೇಲೆ ಒಂದು ಬೆಚ್ಚಗಿನ ಮಧ್ಯಾಹ್ನ. ಬಿಸಿಲು ಚೆನ್ನಾಗಿತ್ತು, ಒಲೆ ಹಚ್ಚಿರಲಿಲ್ಲ. ಹೊರಗೆ ಕಾರು ನಿಂತ ಸದ್ದು, ಮತ್ತೆ ಹೋದ ಸದ್ದು. ಪರದೆ ಸರಿಸಿ ನೋಡಿದರೆ ಸ್ಟಾನ್ಕಾ. ಕೈಯಲ್ಲಿ ಕೋಲು, ಕಾಲ ಬಳಿ ಪೆಟ್ಟಿಗೆ. ಸೊರಗಿ ಹೋಗಿದ್ದಳು. ತನ್ನ ಗೇಟಿಗೆ ಹೋಗುವ ಬದಲು ತಲೆಯೆತ್ತಿ ನನ್ನ ಚಿಮಣಿ ನೋಡಿದಳು. ಹೊಗೆಯಿರಲಿಲ್ಲ. ಆಮೇಲೆ ಕಣ್ಣು ಕೆಳಗಿಳಿದು ಗೇಟಿನ ಮೇಲೆ ನಿಂತಿತು.

ರಸ್ತೆ ದಾಟಿ ಬಂದಳು. ಬಿಸಿಲಿಗೆ ಮಾಸಿದ ಕಾಗದದ ಮೇಲೆ ಬೆರಳಿಟ್ಟು ಓದಿದಳು. ಕೆಳಗಿನ ಸಾಲಿಗೆ ಬಂದಾಗ ಬೆರಳು ಅಲ್ಲೇ ನಿಂತಿತು. ನಾನು ಪರದೆಯ ಹಿಂದೆ ಉಸಿರು ಹಿಡಿದಿದ್ದೆ. ಇದೇ ಹೊತ್ತಿಗೆಂದು ಚಳಿಗಾಲವೆಲ್ಲ ಕಾದಿದ್ದೆ. ಅವಳು ಬೆಚ್ಚಬೇಕು, ನಾಚಬೇಕು ಎಂದೆಲ್ಲ ಲೆಕ್ಕ ಹಾಕಿದ್ದೆ. ಅವಳು ಕೋಲು ಬಿಟ್ಟು ಗೇಟಿನ ಸರಳು ಹಿಡಿದುಕೊಂಡು ಕುಸಿದಳು.

"ನಜ್ಮಿಯೆ..." ಎಂದಳು. "ಅಯ್ಯೋ ನಜ್ಮಿಯೆ, ನಂಗೊಂದು ಮಾತೂ ಹೇಳ್ದೆ ಹೋದ್ಯಲ್ಲೇ. ನಂಗೆ ಇನ್ಯಾರಿದ್ದಾರೆ ಅಂತ ಹೋದೆ, ನಜ್ಮಿಯೆ..."

ಅವಳ ಬಾಯಲ್ಲಿ ನನ್ನ ಹೆಸರು ಎಳೆಯ ಹುಡುಗಿಯ ಹೆಸರಿನ ಹಾಗಿತ್ತು. ತಂಬಾಕಿನ ಸಾಲಿನ ಆ ತುದಿಯಿಂದ ಕೂಗುತ್ತಿದ್ದಳಲ್ಲ, ಅದೇ ದನಿ. ನನಗೆ ಅಳು ಒತ್ತರಿಸಿ ಬಂತು. ನಾನೇ ಸತ್ತದ್ದಕ್ಕೆ ನಾನೇ ಅಳುತ್ತಿರುವ ಹಾಗೆ, ತಲೆವಸ್ತ್ರದ ತುದಿ ಬಾಯಿಗೆ ತುರುಕಿಕೊಂಡು ಅತ್ತೆ. ಓಡಿ ಹೋಗಿ ಗೇಟು ತೆಗೆಯಬೇಕೆಂದಿತು ಜೀವ. ಇನ್ನೊಂದು ಸಲ ಕರೆಯಲಿ ಎಂದು ಆಸೆಯೂ ಆಯಿತು. ಕರೆದಳು. ಮತ್ತೂ ಒಂದು ಸಲ ಕರೆದಳು. ಸುಮ್ಮನೆ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

ಆಮೇಲೆ ಅವಳ ಹೃದಯದ ನೆನಪಾಗಿ ಗಾಬರಿಯಾಯಿತು. ಗ್ಯಾಸ್ ಹಚ್ಚಿ ಇಬ್ಬರಿಗಾಗುವಷ್ಟು ಕಾಫಿ ಇಟ್ಟೆ. ಏಕಾಏಕಿ ಕಿಟಕಿಯಲ್ಲಿ ಮುಖ ತೋರಿಸಿದರೆ ಸತ್ತೇ ಹೋಗುತ್ತಾಳೆಂದು ಬಾಗಿಲ ಹಿಂದೆ ನಿಂತು ಮೊದಲು ಕೆಮ್ಮಿದೆ. ಪಾತ್ರೆ ಸದ್ದು ಮಾಡಿದೆ. ಹೊರಗೆ ಅಳು ನಿಂತಿತು.

"ಸ್ಟಾನ್ಕಾ, ಹೆದರ್ಬೇಡ ಕಣೇ. ಅದು ಸಿನಿಮಾ ಹುಡುಗರು ಅಂಟಿಸಿದ್ದು. ನಾನಿದ್ದೀನಿ."

ಅಷ್ಟು ವರ್ಷಗಳಲ್ಲಿ ನಾನು ಅವಳಿಗೆ ಆಡಿದ ಮೊದಲ ಮಾತು ಅದು. ಅವಳ ದನಿ ಸಂತೋಷದಲ್ಲಿ ಒಡೆದುಹೋಯಿತು.

"ದೇವರೇ! ನಾದ್ಯಾ! ಬದುಕಿದ್ದೀಯೇನೇ ನಾದ್ಯಾ!"

ಚಿಲಕದ ಮೇಲಿದ್ದ ನನ್ನ ಕೈ ಅಲ್ಲೇ ಉಳಿಯಿತು.

"ಈಗ ತಾನೇ ಕರೆದ್ಯಲ್ಲ" ಎಂದೆ. "ಹಂಗೇ ಕರಿ. ಬಾಗಿಲು ತೆಗೀತೀನಿ."

"ಅದು... ಅದು ಸತ್ತಿದ್ದೀಯ ಅಂತ ಕರೆದೆ ಕಣೇ."

"ಬದುಕಿದ್ದೀನಿ ಅಂತ ಕರಿ."

"ನಿನ್ನ ಮುಖ ನೋಡ್ಕೊಂಡು ಆ ಹೆಸರಲ್ಲಿ ಹೆಂಗೆ ಕರೀಲೇ?" ಎಂದಳು. "ಕರೆದ್ರೆ, ಅವತ್ತು ನಾನು ಮಾಡಿದ್ದು ಏನು ಅಂತ ಆಗತ್ತೆ?"

ಉತ್ತರ ಅವಳಿಗೇ ಗೊತ್ತಿತ್ತು. ಕರೆಯುತ್ತಾಳೆ, ಈಗ ಕರೆಯುತ್ತಾಳೆ ಎಂದು ಹಣೆಯನ್ನು ಬಾಗಿಲಿಗೆ ಒತ್ತಿ ನಿಂತೆ. ಅವಳು ಮೂಗು ಸೀಟಿದ್ದು ಕೇಳಿಸಿತು, ಕೋಲು ಎತ್ತಿಕೊಂಡದ್ದು ಕೇಳಿಸಿತು, ರಸ್ತೆ ದಾಟುವಾಗ ಕಾಲೆಳೆದದ್ದು ಕೇಳಿಸಿತು. ಎದುರಿನ ಗೇಟು ತೆರೆದು ಮುಚ್ಚಿಕೊಂಡಿತು.

ಒಳಗೆ ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಹರಿದಿತ್ತು. ಒರೆಸಿದೆ. ಉಳಿದದ್ದು ಒಬ್ಬಳಿಗೆ ಸಾಕಾಯಿತು.